ಅಪಘಾತದ ಗಾಯಾಳುವಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು: ವಾರ್ಡಿನಲ್ಲಿ ಹಂತ ಹಂತವಾಗಿ

ತೊಡೆಮೂಳೆ ಮುರಿದು ಬಂದವರ ಆಪರೇಷನ್ ಸುಸೂತ್ರವಾಗಿ ಮುಗಿದಿರುತ್ತದೆ, ಗಾಯವೂ ಒಣಗುತ್ತಿರುತ್ತದೆ. ವಾರ ಕಳೆಯುವ ಹೊತ್ತಿಗೆ, ಬೆಡ್‌ಪ್ಯಾನ್ ಇಡಲೆಂದು ಮೇಲೆತ್ತುವಾಗ, ಇದ್ದಕ್ಕಿದ್ದಂತೆ ಉಸಿರು ಸಿಗದೆ ಕುಸಿಯುತ್ತಾರೆ. ಕಾಲಿನ ಒಳ ಅಭಿಧಮನಿಯಲ್ಲಿ ಕಟ್ಟಿದ್ದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತಿರುತ್ತದೆ. ಆಮೇಲೆ ಡ್ರಗ್ ಚಾರ್ಟ್ ತೆಗೆದು ನೋಡಿದರೆ ಹೆಪ್ಪು ತಡೆಯುವ ಔಷಧ ಬರೆದೇ ಇರುತ್ತದೆ. ಆದರೆ ಮೊದಲ ಡೋಸ್ ನಾಲ್ಕನೇ ದಿನ ಹೋಗಿರುತ್ತದೆ, ನಡುವೆ ಎರಡು ಖಾನೆ ಖಾಲಿ ಇರುತ್ತವೆ, ಆಪರೇಷನ್ ಆದಮೇಲೆ ಮತ್ತೆ ಶುರು ಮಾಡುವಂತೆ ಯಾರೂ ಬರೆದಿರುವುದಿಲ್ಲ.

ಹೆಚ್ಚಿನ ಸೋಲುಗಳು ಹೀಗೇ ಆಗುತ್ತವೆ. ಔಷಧ ಇರುತ್ತದೆ, ತಿಳಿವಳಿಕೆಯೂ ಇರುತ್ತದೆ, ನಡುವಿನ ಗಂಟೆಗಳು ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಸೋರಿಹೋಗುತ್ತವೆ. ಆ ಗಂಟೆಗಳನ್ನು ಹಿಡಿದಿಟ್ಟುಕೊಳ್ಳುವ ಕ್ರಮ ಇಲ್ಲಿದೆ. ಬರೆದಿರುವುದು ಸ್ಟಾಫ್ ನರ್ಸ್‌ಗಳಿಗೆ, ಡ್ಯೂಟಿ ಡಾಕ್ಟರ್‌ಗಳಿಗೆ, ಹೌಸ್ ಸರ್ಜನ್‌ಗಳಿಗೆ. ಏಳನೇ ಹಂತವನ್ನು ಗಾಯಾಳುವಿನ ಮನೆಯವರೂ ಓದಬೇಕು. ಔಷಧ ಯಾವುದು, ಎಷ್ಟು, ಯಾವಾಗ ಎಂಬ ಕೊನೆಯ ತೀರ್ಮಾನ ಗಾಯಾಳುವನ್ನು ನೋಡುತ್ತಿರುವ ವೈದ್ಯರದ್ದು. ಇಲ್ಲಿನ ಪ್ರಮಾಣಗಳು ವಯಸ್ಕರಿಗೆ ಮಾತ್ರ.

ಕೈಗೆಟುಕುವಂತೆ ಇರಬೇಕಾದವು

ಅಳತೆಯ ಟೇಪು, ಅಳಿಸಿಹೋಗದ ಮಾರ್ಕರ್ ಪೆನ್ನು, ಗಾಯಾಳುವಿನ ತೂಕ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ತಗಲುವ ಹೊತ್ತಿನ ಅಳತೆ) ವರದಿ, ಸರಿಯಾದ ಅಳತೆಯ ತೋಳುಗಳಿರುವ ಡಿವಿಟಿ ಪಂಪ್ (ಡಿವಿಟಿ ಎಂದರೆ ಕಾಲಿನ ಒಳ ಅಭಿಧಮನಿಯ ಹೆಪ್ಪು), ಎನೋಕ್ಸಪಾರಿನ್ ತುಂಬಿದ ಸಿರಿಂಜ್ ಅಥವಾ ಹೆಪಾರಿನ್ ವಯಲ್ (ಎರಡೂ ಹೆಪ್ಪು ತಡೆಯುವ ಔಷಧ), 1 ಮಿ.ಲೀ. ಸಿರಿಂಜ್. ತೂಕ ನೋಡಲು ಗಾಯಾಳು ಏಳಲಾರರೆಂದು ಆ ಖಾನೆಯನ್ನು ಖಾಲಿ ಬಿಡಬೇಡಿ. ಮನೆಯವರನ್ನು ಕೇಳಿ, ಅಂದಾಜು ಎಂದು ನಮೂದಿಸಿ, ಸಂಖ್ಯೆ ಬರೆಯಿರಿ. ಮುಂದಿನ ಎಲ್ಲ ಲೆಕ್ಕ ಅದರ ಮೇಲೆ ನಿಂತಿದೆ.

ಹಂತ 1: ಬಂದ ದಿನವೇ ಅಪಾಯ ಅಳೆಯಿರಿ

ಅಪಘಾತದ ಗಾಯಾಳುವಿನಲ್ಲಿ ಹೆಪ್ಪುಗಟ್ಟಲು ಬೇಕಾದ ಮೂರೂ ಕಾರಣಗಳು ಒಟ್ಟಿಗೆ ಸೇರುತ್ತವೆ. ಅಲುಗಾಡದೆ ಮಲಗಿರುವುದರಿಂದ ಕಾಲಿನ ರಕ್ತ ನಿಧಾನವಾಗುತ್ತದೆ, ರಕ್ತನಾಳದ ಒಳಗೋಡೆಗೆ ಪೆಟ್ಟು ಬಿದ್ದಿರುತ್ತದೆ, ರಕ್ತಸ್ರಾವ ನಿಲ್ಲಿಸಲು ದೇಹವೇ ಹೆಪ್ಪುಗಟ್ಟುವ ಶಕ್ತಿಯನ್ನು ಏರಿಸಿಕೊಂಡಿರುತ್ತದೆ. 1994ರಲ್ಲಿ ಪ್ರಕಟವಾದ ಕೆನಡಾದ ಟೊರೊಂಟೊ ಅಧ್ಯಯನದಲ್ಲಿ, ತಡೆ ಚಿಕಿತ್ಸೆ ಇಲ್ಲದಿದ್ದ ದೊಡ್ಡ ಗಾಯದ ರೋಗಿಗಳ ಕಾಲಿನ ಅಭಿಧಮನಿಗಳನ್ನು ಬಣ್ಣದ ಎಕ್ಸ್-ರೇಯಲ್ಲಿ ನೋಡಿದಾಗ 58 ಪ್ರತಿಶತ ಜನರಲ್ಲಿ ಹೆಪ್ಪು ಸಿಕ್ಕಿತ್ತು. ಬಹುತೇಕರಲ್ಲಿ ಹೊರಗಿನಿಂದ ಯಾವ ಲಕ್ಷಣವೂ ಇರಲಿಲ್ಲ. ಕಾಲು ಊದಿದಾಗ ನೋಡೋಣ ಎಂದು ಕಾಯಬಾರದು ಎನ್ನುವುದು ಇದಕ್ಕೇ.

ಅಪಾಯ ಅಳೆಯಲು ಕ್ಯಾಪ್ರಿನಿ ಅಂಕಪಟ್ಟಿ ಬಳಸುವವರಿದ್ದಾರೆ. ಅದರಲ್ಲಿ ಸೊಂಟ, ಕೂಪಕ (ಪೆಲ್ವಿಸ್) ಅಥವಾ ಕಾಲಿನ ಮೂಳೆ ಮುರಿತ, ಬೆನ್ನುಹುರಿಯ ಗಾಯ, ಹಲವು ಕಡೆಯ ಪೆಟ್ಟು ಇವುಗಳಲ್ಲಿ ಒಂದಿದ್ದರೂ 5 ಅಂಕ. ಒಟ್ಟು 5 ಅಥವಾ ಅದಕ್ಕಿಂತ ಹೆಚ್ಚಾದರೆ ಹೆಚ್ಚಿನ ಅಪಾಯ. ಎಂದರೆ ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ಬಂದವರಿಗೆ ಅಂಕ ಕೂಡಿಸುತ್ತ ಕೂರುವ ಅಗತ್ಯವೇ ಇಲ್ಲ, ಅವರು ಬಾಗಿಲಲ್ಲೇ ಗೆರೆ ದಾಟಿದ್ದಾರೆ. ಅಂಕಪಟ್ಟಿ ಬೇಕಾಗುವುದು ಕೈಮೂಳೆ ಮುರಿತ, ಪಕ್ಕೆಲುಬಿನ ಪೆಟ್ಟಿನಂಥ ನಡುವಿನ ಪ್ರಕರಣಗಳಿಗೆ. ಅಲ್ಲಿ ವಯಸ್ಸು, ಹಿಂದೆ ಹೆಪ್ಪು ಆಗಿತ್ತೇ, ಕ್ಯಾನ್ಸರ್ ಇದೆಯೇ, ಗರ್ಭಿಣಿಯೇ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ತೊಡೆಸಂದಿಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ಅಭಿಧಮನಿಗೆ ಹಾಕುವ ನಳಿಗೆ) ಹಾಕಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಐಸಿಯುನಿಂದ ವಾರ್ಡಿಗೆ ಬಂದಾಗ, ಆಪರೇಷನ್ ಆದಾಗ ಮತ್ತೆ ಅಳೆಯಿರಿ. ಒಮ್ಮೆ ಬರೆದ ಅಂಕ ಕೊನೆಯವರೆಗೂ ಹಾಗೇ ಉಳಿದುಹೋಗುವುದು ಸಾಮಾನ್ಯ ತಪ್ಪು.

ಹಂತ 2: ರಕ್ತಸ್ರಾವ ನೋಡಿ, ಮೊದಲ ಡೋಸಿಗೆ ಗಂಟೆ ಗೊತ್ತುಮಾಡಿ

ಔಷಧ ಶುರು ಮಾಡಲು ಅಡ್ಡಿ ಇದೆಯೇ ಎಂದು ಸರದಿಯಂತೆ ನೋಡಿ: ಈಗಲೂ ರಕ್ತ ಸೋರುತ್ತಿದೆಯೇ, ಹಿಮೋಗ್ಲೋಬಿನ್ ಇಳಿಯುತ್ತಿದೆಯೇ, ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯೇ, ಐಎನ್‌ಆರ್ 1.5 ದಾಟಿದೆಯೇ, ತಲೆಯೊಳಗಿನ ರಕ್ತಸ್ರಾವ ಬೆಳೆಯುತ್ತಿದೆಯೇ, ಬೆನ್ನುಹುರಿಯ ಸುತ್ತ ರಕ್ತ ಕಟ್ಟಿದೆಯೇ. ಹಿಂದೆ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿದಿದ್ದವರಿಗೆ ಹೆಪಾರಿನ್ ಜಾತಿಯ ಯಾವುದನ್ನೂ ಕೊಡುವಂತಿಲ್ಲ.

ಅಡ್ಡಿ ಇಲ್ಲದಿದ್ದರೆ ಮೊದಲ 24 ಗಂಟೆಯೊಳಗೆ ಶುರು ಮಾಡಿ. ಅಡ್ಡಿ ಇದ್ದರೆ ‘ಸದ್ಯಕ್ಕೆ ಬೇಡ’ ಎಂದು ಬರೆದು ಬಿಡಬೇಡಿ. ಆ ‘ಸದ್ಯ’ಕ್ಕೆ ಕೊನೆಯೇ ಇರುವುದಿಲ್ಲ. ಯಾವ ದಿನ, ಯಾವ ಗಂಟೆಗೆ, ಯಾವ ವರದಿ ನೋಡಿ ಮತ್ತೆ ತೀರ್ಮಾನಿಸಬೇಕು ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಸಾಮಾನ್ಯವಾಗಿ ಪಾಲಿಸುವ ಗಡುವುಗಳು ಹೀಗಿವೆ.

ಗುಲ್ಮ (ಸ್ಪ್ಲೀನ್), ಯಕೃತ್ತು, ಮೂತ್ರಪಿಂಡದ ಗಾಯವನ್ನು ಆಪರೇಷನ್ ಇಲ್ಲದೆ ನಿಭಾಯಿಸುತ್ತಿದ್ದರೆ, ಹಿಮೋಗ್ಲೋಬಿನ್ ಸ್ಥಿರವಾಗಿದ್ದಲ್ಲಿ, 24ರಿಂದ 48 ಗಂಟೆಯೊಳಗೆ ಶುರು ಮಾಡಬಹುದು. ‘ಗುಲ್ಮ ಸೀಳಿದೆ, ಮುಟ್ಟುವುದೇ ಬೇಡ’ ಎಂದು ವಾರಗಟ್ಟಲೆ ಮುಂದೂಡುವುದರಿಂದ ಲಾಭವಿಲ್ಲ.

ಬೆನ್ನುಹುರಿಯ ಗಾಯದವರಲ್ಲಿ ಹೆಪ್ಪಿನ ಅಪಾಯ ಎಲ್ಲರಿಗಿಂತ ಹೆಚ್ಚು. ಗಾಯ ಅಥವಾ ಆಪರೇಷನ್ ಆಗಿ 48 ಗಂಟೆ ಆಗುವ ಹೊತ್ತಿಗೆ, ರಕ್ತ ಕಟ್ಟಿಲ್ಲವೆಂದು ಖಚಿತವಾದರೆ, ಶುರುವಾಗಿರಬೇಕು.

ತಲೆಗೆ ಪೆಟ್ಟು ಬಿದ್ದವರ ವಿಷಯದಲ್ಲೇ ಎಲ್ಲರೂ ಹಿಂಜರಿಯುವುದು. ಹಿಂಜರಿಕೆ ಸರಿಯೇ, ಆದರೆ ಅದಕ್ಕೂ ಒಂದು ಗಡಿ ಇದೆ. 24 ಗಂಟೆಯ ಬಳಿಕ ಇನ್ನೊಂದು ಸಿಟಿ ಮಾಡಿಸಿ. ಸಣ್ಣ ರಕ್ತಸ್ರಾವ ಇದ್ದಷ್ಟೇ ಇದ್ದರೆ ಆಗಲೇ ಶುರು ಮಾಡಬಹುದು. 8 ಮಿ.ಮೀ.ಗಿಂತ ದಪ್ಪದ ರಕ್ತಗಡ್ಡೆ, 2 ಸೆಂ.ಮೀ.ಗಿಂತ ದೊಡ್ಡ ಮಿದುಳಿನ ಜಜ್ಜುಗಾಯ ಅಥವಾ 24 ಗಂಟೆಯಲ್ಲಿ ಬೆಳೆದ ರಕ್ತಸ್ರಾವ ಇದ್ದರೆ, 72 ಗಂಟೆಯ ಸಿಟಿ ಸ್ಥಿರವಾಗಿದೆಯೆಂದು ನೋಡಿಕೊಂಡು ಶುರು ಮಾಡುತ್ತಾರೆ. ತಲೆಬುರುಡೆ ತೆರೆದ ಆಪರೇಷನ್ ಆಗಿದ್ದರೆ, ಮಿದುಳಿನ ಒತ್ತಡ ಅಳೆಯುವ ನಳಿಗೆ ಇದ್ದರೆ ಅಥವಾ 72 ಗಂಟೆಯಲ್ಲೂ ರಕ್ತಸ್ರಾವ ಬೆಳೆಯುತ್ತಿದ್ದರೆ ನ್ಯೂರೋಸರ್ಜನ್ ಹೇಳಿದ ಮೇಲಷ್ಟೇ. ಸಿಟಿ ಆಯಿತು, ವರದಿಯೂ ಬಂತು, ಆದರೆ ಅದನ್ನು ನೋಡಿ ‘ಇನ್ನು ಶುರು ಮಾಡಿ’ ಎಂದು ಹೇಳುವವರು ಯಾರು ಎಂಬುದು ಗೊತ್ತಿರುವುದಿಲ್ಲ. ಎರಡು ದಿನ ಹೋಗುವುದು ಇಲ್ಲೇ. ಆ ಹೆಸರನ್ನು ಮೊದಲೇ ಬರೆದಿಡಿ.

ಹಂತ 3: ಔಷಧ ಶುರುವಾಗುವವರೆಗೆ ಡಿವಿಟಿ ಪಂಪ್

ಔಷಧಕ್ಕೆ ಅಡ್ಡಿಯಿದ್ದ ಗಳಿಗೆಯಿಂದಲೇ ಪಂಪ್ ಹಾಕಿ. ಗಾಳಿ ತುಂಬಿದ ತೋಳು ಮೀನಖಂಡವನ್ನು ಒತ್ತಿ ಬಿಡುತ್ತದೆ, ನಡೆಯುವಾಗ ಸ್ನಾಯು ಮಾಡುವ ಕೆಲಸವನ್ನು ತಾನು ಮಾಡುತ್ತದೆ. ದಿನಕ್ಕೆ ಕನಿಷ್ಠ 18 ಗಂಟೆ ಓಡಬೇಕು.

1. ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ತೆಗೆದು ತೋಳಿನ ಅಳತೆ ಆರಿಸಿ.
2. ಚರ್ಮ ಒದ್ದೆಯಾಗಿದ್ದರೆ ಒರೆಸಿ. ತೋಳನ್ನು ಸುಕ್ಕಿಲ್ಲದಂತೆ ಸುತ್ತಿ, ಒಳಗೆ ಎರಡು ಬೆರಳು ಹೋಗುವಷ್ಟು ಜಾಗ ಬಿಡಿ.
3. ಗಾಳಿಯ ಕೊಳವೆ ಕಾಲಿನಡಿ ಸಿಕ್ಕಿಕೊಳ್ಳದಂತೆ ಹೊರಬದಿಗೆ ಇಡಿ. ಒಂದೇ ರಾತ್ರಿಯಲ್ಲಿ ಅದು ಚರ್ಮವನ್ನು ಕೊರೆಯುತ್ತದೆ.
4. ಪಂಪ್ ಶುರು ಮಾಡಿ, ಎರಡು ಸುತ್ತು ನಿಜಕ್ಕೂ ಗಾಳಿ ತುಂಬಿ ಇಳಿಯುವುದನ್ನು ಕೈಯಿಟ್ಟು ನೋಡಿ.
5. ಪಾಳಿಗೊಮ್ಮೆ ತೋಳು ಬಿಚ್ಚಿ ಹಿಮ್ಮಡಿ, ಕಣಕಾಲು, ಮೊಣಕಾಲ ಹಿಂಬದಿಯ ಚರ್ಮ ನೋಡಿ.

ಮುರಿದ ಕಾಲಿಗೆ ಪ್ಲಾಸ್ಟರ್ ಅಥವಾ ಹೊರಗಿನ ರಾಡು ಇದ್ದರೆ ಆ ಕಾಲಿಗೆ ಬೇಡ, ಚೆನ್ನಾಗಿರುವ ಕಾಲಿಗೆ ಹಾಕಿ. ಎರಡೂ ಕಾಲಿಗೆ ಹಾಕಲಾಗದೆಂದು ಪೂರ್ತಿ ಬಿಡಬೇಡಿ, ಒಂದಕ್ಕಾದರೂ ಹಾಕಿ. ರಕ್ತಪೂರೈಕೆ ಕುಗ್ಗಿದ ಕಾಲು, ಬಿರಿಯುವಂತೆ ಬಿಗಿದ ಮೀನಖಂಡ, ತೆರೆದ ಗಾಯ, ಈಗಾಗಲೇ ಹೆಪ್ಪು ಇರುವ ಕಾಲು ಇವಕ್ಕೆ ಪಂಪ್ ಹಾಕಬಾರದು. ಬೇರೆ ಕಡೆ ಮೂರು ದಿನಕ್ಕಿಂತ ಹೆಚ್ಚು ಯಾವ ತಡೆಯೂ ಇಲ್ಲದೆ ಮಲಗಿದ್ದು ಬಂದವರಿಗೆ ಮೊದಲು ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿ, ಆಮೇಲೆ ಪಂಪ್.

ಪಂಪ್ ಸೋಲುವುದು ಯಂತ್ರ ಕೆಟ್ಟು ಅಲ್ಲ. ಎಕ್ಸ್-ರೇಗೆ ಕರೆದೊಯ್ಯುವಾಗ ಬಿಚ್ಚಿದ್ದನ್ನು ವಾಪಸ್ಸು ಬಂದಮೇಲೆ ಯಾರೂ ಹಾಕುವುದಿಲ್ಲ. ಮೊಬೈಲ್ ಚಾರ್ಜ್ ಮಾಡಲೆಂದು ಪಂಪಿನ ಪ್ಲಗ್ ಕೀಳುತ್ತಾರೆ, ತೋಳು ಕಾಲಿಗೆ ಹಾಗೇ ಸುತ್ತಿಕೊಂಡಿರುತ್ತದೆ. ದೂರದಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದ್ದರಿಂದ ಹ್ಯಾಂಡೋವರ್‌ನಲ್ಲಿ ‘ಪಂಪ್ ಇದೆ’ ಎಂದು ಹೇಳಬೇಡಿ. ಓಡುತ್ತಿದೆಯೇ ಎಂದು ಇಬ್ಬರೂ ನಿಂತು ನೋಡಿ. ಪ್ಲಗ್ ಮೇಲೆ ‘ಕೀಳಬೇಡಿ’ ಎಂದು ಕನ್ನಡದಲ್ಲಿ ಬರೆದು ಅಂಟಿಸಿ.

ಸ್ಟಾಕಿಂಗ್ಸ್ ಪಂಪಿಗೆ ಬದಲಿಯಲ್ಲ. ಕ್ರೇಪ್ ಬ್ಯಾಂಡೇಜ್ ಅಂತೂ ಅಲ್ಲವೇ ಅಲ್ಲ. ಕೈಯಲ್ಲಿ ಸುತ್ತಿದ ಕ್ರೇಪ್ ಮೊಣಕಾಲ ಕೆಳಗೆ ಜಾರಿ ಹಗ್ಗದಂತೆ ಬಿಗಿದರೆ ಅಭಿಧಮನಿಯ ರಕ್ತ ಮೇಲಕ್ಕೆ ಹೋಗದೆ ಹೆಪ್ಪಿಗೇ ದಾರಿಯಾಗುತ್ತದೆ. ಕಳಚಿದ ಹೆಪ್ಪು ಶ್ವಾಸಕೋಶಕ್ಕೆ ಹೋಗದಂತೆ ಮಹಾ ಅಭಿಧಮನಿಯಲ್ಲಿ ಇಡುವ ಜಾಲರಿಯ ಬಗ್ಗೆಯೂ ಕೇಳುತ್ತಾರೆ. 2019ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಔಷಧ ಕೊಡಲಾಗದ ದೊಡ್ಡ ಗಾಯಾಳುಗಳಿಗೆಲ್ಲ ಮೊದಲೇ ಜಾಲರಿ ಹಾಕಿದ್ದರಿಂದ 90 ದಿನಗಳಲ್ಲಿ ಲಕ್ಷಣವಿರುವ ಶ್ವಾಸಕೋಶದ ಹೆಪ್ಪು ಅಥವಾ ಸಾವು ಕಡಿಮೆಯಾಗಲಿಲ್ಲ. ಎಲ್ಲರಿಗೂ ಹಾಕುವ ವಸ್ತು ಅದಲ್ಲ.

ಹಂತ 4: ಔಷಧ ಮತ್ತು ಪ್ರಮಾಣ

ಮೊದಲ ಆಯ್ಕೆ ಎನೋಕ್ಸಪಾರಿನ್. ನಮ್ಮ ವಾರ್ಡುಗಳಲ್ಲಿ ಕೈಗೆ ಅಭ್ಯಾಸವಾಗಿರುವುದು ದಿನಕ್ಕೊಮ್ಮೆ 40 ಮಿ.ಗ್ರಾಂ. ಹಲವು ಕಡೆ ಪೆಟ್ಟಾದ ಹರೆಯದ ಗಾಯಾಳುವಿಗೆ ಅದು ಸಾಲದೆ ಹೋಗುವ ಸಂಭವ ಹೆಚ್ಚು. ಅಮೆರಿಕದ ಟ್ರಾಮಾ ಸರ್ಜನ್‌ಗಳ ಸಂಘದ ಕ್ರಮದಲ್ಲಿ 18ರಿಂದ 65 ವರ್ಷದ, 50 ಕೆ.ಜಿ. ಮೀರಿದ, ಮೂತ್ರಪಿಂಡ ಚೆನ್ನಾಗಿರುವವರಿಗೆ 12 ಗಂಟೆಗೊಮ್ಮೆ 40 ಮಿ.ಗ್ರಾಂ. ವಯಸ್ಸಾದವರು, 50 ಕೆ.ಜಿ.ಗಿಂತ ಹಗುರದವರು, ಮೂತ್ರಪಿಂಡ ಸ್ವಲ್ಪ ಕುಗ್ಗಿದವರು, ತಲೆ ಅಥವಾ ಬೆನ್ನುಹುರಿಯ ಗಾಯದವರಿಗೆ 12 ಗಂಟೆಗೊಮ್ಮೆ 30 ಮಿ.ಗ್ರಾಂ. ತೂಕದ ಮೇಲೆ ಕೊಡುವುದಾದರೆ ಕೆ.ಜಿ.ಗೆ 0.5 ಮಿ.ಗ್ರಾಂ, 12 ಗಂಟೆಗೊಮ್ಮೆ. ನಿಮ್ಮ ಘಟಕ ದಿನಕ್ಕೊಮ್ಮೆ ಕೊಡುತ್ತಿದ್ದರೆ, ದೊಡ್ಡ ಗಾಯದವರ ಮಟ್ಟಿಗೆ ರೌಂಡ್ಸ್‌ನಲ್ಲಿ ಈ ಪ್ರಶ್ನೆ ಎತ್ತಿ.

ಕ್ರಿಯಾಟಿನಿನ್ ಸಂಖ್ಯೆ ನೋಡಿ ಮೋಸಹೋಗಬೇಡಿ. ಸೊಂಟದ ಮೂಳೆ ಮುರಿದ 70 ವರ್ಷದ, 48 ಕೆ.ಜಿ. ತೂಕದ ಅಜ್ಜಿಯ ಕ್ರಿಯಾಟಿನಿನ್ 1.2 ಎಂದಿಟ್ಟುಕೊಳ್ಳಿ. ವರದಿಯಲ್ಲಿ ಅದಕ್ಕೆ ಕೆಂಪು ಗುರುತು ಬೀಳದೆಯೂ ಇರಬಹುದು. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿ.ಲೀ. ಶೋಧಿಸುತ್ತದೆ ಎಂದು ಲೆಕ್ಕ ಹಾಕಿ: 140ರಲ್ಲಿ ವಯಸ್ಸು ಕಳೆದರೆ 70. ಅದನ್ನು ತೂಕ 48ರಿಂದ ಗುಣಿಸಿದರೆ 3360. 72ನ್ನು 1.2ರಿಂದ ಗುಣಿಸಿದರೆ 86.4. ಭಾಗಿಸಿದರೆ ಸುಮಾರು 39. ಹೆಂಗಸರಿಗೆ 0.85ರಿಂದ ಗುಣಿಸಬೇಕು, ಬಂದದ್ದು 33. ಮೂತ್ರಪಿಂಡದ ಶೋಧನೆ ನಿಮಿಷಕ್ಕೆ 30 ಮಿ.ಲೀ.ಗಿಂತ ಕೆಳಗಿಳಿದರೆ ಎನೋಕ್ಸಪಾರಿನ್ ದೇಹದಲ್ಲಿ ಶೇಖರವಾಗಿ ರಕ್ತಸ್ರಾವ ತರುತ್ತದೆ. ಈ ಅಜ್ಜಿ ಅಂಚಿನಲ್ಲಿದ್ದಾರೆ. ಎರಡು ದಿನ ಸರಿಯಾಗಿ ನೀರು ಕುಡಿಯದಿದ್ದರೆ ಅಂಚಿನಿಂದಾಚೆ.

ಶೋಧನೆ 30ಕ್ಕಿಂತ ಕೆಳಗಿಳಿದವರಿಗೆ ಸಾದಾ ಹೆಪಾರಿನ್ 5,000 ಯೂನಿಟ್, 8 ಗಂಟೆಗೊಮ್ಮೆ ಚರ್ಮದಡಿಗೆ. ಇಲ್ಲಿ ವಯಲ್ ಅದಲುಬದಲಾಗುವ ಅಪಾಯವಿದೆ. 5 ಮಿ.ಲೀ. ವಯಲ್ ಎರಡು ಶಕ್ತಿಯಲ್ಲಿ ಬರುತ್ತದೆ: ಒಂದರಲ್ಲಿ ಒಟ್ಟು 5,000 ಯೂನಿಟ್, ಇನ್ನೊಂದರಲ್ಲಿ ಒಟ್ಟು 25,000. ನಮಗೆ ಬೇಕಾದದ್ದು ಎರಡನೆಯದರಿಂದ 1 ಮಿ.ಲೀ. ‘ಒಂದು ವಯಲ್ ಕೊಡಿ’ ಎಂಬ ಬಾಯಿಮಾತಿನ ಆದೇಶವನ್ನು ಎಂದೂ ಪಾಲಿಸಬೇಡಿ. ಯೂನಿಟ್‌ನಲ್ಲಿ ಬರೆಸಿಕೊಳ್ಳಿ, ಲೇಬಲ್ ಇಬ್ಬರು ಓದಿ.

30 ಮಿ.ಗ್ರಾಂ ಎಂದರೆ 0.3 ಮಿ.ಲೀ. ಗೆರೆಗಳಿಲ್ಲದ 40 ಮಿ.ಗ್ರಾಂ ಸಿರಿಂಜಿನಿಂದ ಕಣ್ಣಳತೆಯಲ್ಲಿ ಕಾಲುಭಾಗ ಚೆಲ್ಲಬೇಡಿ. ಗೆರೆಯಿರುವ 60 ಮಿ.ಗ್ರಾಂ ಸಿರಿಂಜ್ ಬಳಸಿ ಹೆಚ್ಚಿನದನ್ನು ಹೊರಹಾಕಿ, ಅಥವಾ ಬಹುಡೋಸ್ ವಯಲ್‌ನಿಂದ 1 ಮಿ.ಲೀ. ಸಿರಿಂಜಿನಲ್ಲಿ ಎಳೆದುಕೊಳ್ಳಿ. 40 ಯೂನಿಟ್‌ನ ಇನ್ಸುಲಿನ್ ಸಿರಿಂಜ್ ಕೈಗೆ ಸಿಕ್ಕಿತೆಂದು ಅದರಲ್ಲಿ 30ರ ಗೆರೆಯವರೆಗೆ ಎಳೆದರೆ 0.75 ಮಿ.ಲೀ. ಬರುತ್ತದೆ, ಎಂದರೆ 75 ಮಿ.ಗ್ರಾಂ.

ಮಾತ್ರೆ ಸಾಲದೇ ಎಂದು ಕೇಳುವವರಿಗೆ: 2023ರಲ್ಲಿ ಪ್ರಕಟವಾದ, 12,211 ಜನರ ಪ್ರಯೋಗದಲ್ಲಿ ಆಪರೇಷನ್ ಆದ ಕೈಕಾಲಿನ ಮುರಿತ ಅಥವಾ ಕೂಪಕದ ಮುರಿತದವರಿಗೆ ದಿನಕ್ಕೆರಡು ಬಾರಿ 81 ಮಿ.ಗ್ರಾಂ ಆಸ್ಪಿರಿನ್, ದಿನಕ್ಕೆರಡು ಬಾರಿ 30 ಮಿ.ಗ್ರಾಂ ಎನೋಕ್ಸಪಾರಿನ್ ಎರಡನ್ನೂ ಹೋಲಿಸಿದರು. ಸಾವಿನ ಲೆಕ್ಕದಲ್ಲಿ ಆಸ್ಪಿರಿನ್ ಹಿಂದೆ ಬೀಳಲಿಲ್ಲ, ಕಾಲಿನ ಹೆಪ್ಪು ಮಾತ್ರ ಆಸ್ಪಿರಿನ್ ಗುಂಪಿನಲ್ಲಿ 2.51 ಪ್ರತಿಶತ, ಇನ್ನೊಂದರಲ್ಲಿ 1.71. ಬರೀ ಮೂಳೆ ಮುರಿತದವರಿಗೆ, ಅದರಲ್ಲೂ ಮನೆಗೆ ಹೋದಮೇಲೆ, ಇದು ಉಪಯೋಗದ ದಾರಿ. ಬೆನ್ನುಹುರಿ ಅಥವಾ ತಲೆಯ ಗಾಯದವರಿಗೆ ಇದೇ ಲೆಕ್ಕ ಹಚ್ಚಬೇಡಿ.

ಹಂತ 5: ಸೂಜಿ ಚುಚ್ಚುವ ಕ್ರಮ

1. ಗಾಯಾಳುವನ್ನು ಅಂಗಾತ ಮಲಗಿಸಿ. ಹೊಕ್ಕುಳಿನಿಂದ 5 ಸೆಂ.ಮೀ. ಆಚೆ, ಹೊಟ್ಟೆಯ ಪಕ್ಕದ ಭಾಗ ಆರಿಸಿ. ಬೆಳಿಗ್ಗೆ ಎಡಕ್ಕೆ, ಸಂಜೆ ಬಲಕ್ಕೆ. ಹೊಲಿಗೆ, ತರಚು, ನೀಲಿಗಟ್ಟಿದ ಜಾಗ ಬೇಡ.
2. ಪೂರ್ತಿ ಸಿರಿಂಜ್ ಕೊಡುವುದಾದರೆ ಒಳಗಿನ ಗಾಳಿಗುಳ್ಳೆಯನ್ನು ಹೊರಹಾಕಬೇಡಿ. ಅದನ್ನು ತೆಗೆಯಲು ಹೋದರೆ ಔಷಧವೂ ಚೆಲ್ಲುತ್ತದೆ.
3. ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು ಸೂಜಿಯನ್ನು ನೇರವಾಗಿ, ಪೂರ್ತಿ ಒಳಗೆ ಚುಚ್ಚಿ. ಹಿಂದಕ್ಕೆ ಎಳೆದು ರಕ್ತ ಬರುತ್ತದೆಯೇ ಎಂದು ನೋಡುವುದು ಬೇಡ.
4. ನಿಧಾನವಾಗಿ ತಳ್ಳಿ. ಸೂಜಿ ಹೊರಬರುವವರೆಗೂ ಮಡಿಕೆ ಬಿಡಬೇಡಿ.
5. ಹತ್ತಿ ಒತ್ತಿ ಹಿಡಿಯಿರಿ, ತಿಕ್ಕಬೇಡಿ. ತಿಕ್ಕಿದರೆ ಅಂಗೈಯಗಲ ನೀಲಿಗಟ್ಟುತ್ತದೆ, ಮರುದಿನ ಗಾಯಾಳು ಸೂಜಿಯೇ ಬೇಡ ಎನ್ನುತ್ತಾರೆ.

ಈ ಔಷಧ ನಡೆಯುತ್ತಿರುವಾಗ ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ ತಪ್ಪಿಸಿ. ನೋವಿಗೆಂದು ಪೃಷ್ಠಕ್ಕೆ ಡೈಕ್ಲೋಫೆನಾಕ್ ಚುಚ್ಚುವ ರೂಢಿ ಬಹಳ ಕಡೆ ಇದೆ. ಸ್ನಾಯುವಿನೊಳಗೆ ರಕ್ತ ಕಟ್ಟುತ್ತದೆ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ, ಮೂತ್ರಪಿಂಡವೂ ಕುಗ್ಗುತ್ತದೆ. ಚಾರ್ಟಿನಲ್ಲಿ ಎರಡೂ ಒಟ್ಟಿಗೆ ಕಂಡರೆ ಪ್ಯಾರಾಸಿಟಮಾಲ್ ಅಥವಾ ಬೇರೆ ನೋವುನಿವಾರಕಕ್ಕೆ ಬದಲಿಸುವಂತೆ ವೈದ್ಯರನ್ನು ಕೇಳಿ.

ಹಂತ 6: ಒಂದು ಡೋಸೂ ತಪ್ಪದಂತೆ ನೋಡಿಕೊಳ್ಳುವುದು

ಹೆಚ್ಚು ಗಮನ ಬೇಕಾದ ಹಂತ ಇದು. ತಪ್ಪಿದ ಡೋಸುಗಳಿಗೂ ಹೆಪ್ಪಿಗೂ ನೇರ ನಂಟಿದೆ. ಡೋಸ್ ತಪ್ಪುವ ಜಾಗಗಳೂ ಬೆರಳೆಣಿಕೆಯವೇ.

ಔಷಧ ತರುವುದು ತಡವಾಗುವುದು: ಚೀಟಿ ಬರೆದು ಮನೆಯವರ ಕೈಗೆ ಕೊಡುತ್ತಾರೆ, ಅವರ ಬಳಿ ಹಣವಿಲ್ಲದೆ ಊರಿಂದ ಯಾರೋ ಬರುವವರೆಗೆ ಕಾಯುತ್ತಾರೆ, ಚಾರ್ಟಿನಲ್ಲಿ ‘ಔಷಧ ತಂದಿಲ್ಲ’ ಎಂದು ಬೀಳುತ್ತದೆ. ಮೊದಲ ಕೆಲವು ಡೋಸ್ ವಾರ್ಡ್ ಸ್ಟಾಕಿನಿಂದಲೇ ಹೋಗಲಿ, ಇಂಡೆಂಟ್ ಹಿಂದಿನ ದಿನವೇ ಹೋಗಲಿ. ಎನೋಕ್ಸಪಾರಿನ್ ತೀರಿದ್ದರೆ ಹೆಪಾರಿನ್ ಕೊಡಬಹುದೇ ಎಂದು ಆಗಲೇ ಕೇಳಿ, ನಾಳೆಗೆ ಬಿಡಬೇಡಿ.

ಗಾಯಾಳು ಬೇಡವೆನ್ನುವುದು: ‘ಸೂಜಿ ಹಾಕಿಸಿಕೊಳ್ತೀರಾ?’ ಎಂದು ಕೇಳಿದರೆ ಯಾರಾದರೂ ಬೇಡವೆನ್ನುತ್ತಾರೆ. ‘ಕಾಲಲ್ಲಿ ರಕ್ತ ಗಟ್ಟಿಯಾಗಿ ಎದೆಗೆ ಹೋಗದಿರಲಿ ಅಂತ ಈ ಇಂಜೆಕ್ಷನ್ ಅಣ್ಣಾ, ನಡೆದಾಡುವವರೆಗೆ ಬೇಕು’ ಎಂದು ಹೇಳಿ ಕೊಡಿ. ಆಮೇಲೂ ಬೇಡವೆಂದರೆ ವೈದ್ಯರಿಗೆ ತಿಳಿಸಿ, ಸುಮ್ಮನೆ ಗೆರೆ ಎಳೆದು ಮುಂದೆ ಹೋಗಬೇಡಿ.

ಆಪರೇಷನ್: ಡೋಸುಗಳು ಅತಿ ಹೆಚ್ಚು ಕಳೆದುಹೋಗುವುದು ಇಲ್ಲಿ. ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ ತಡೆ ಪ್ರಮಾಣದ ಎನೋಕ್ಸಪಾರಿನ್ ಹೋಗಿ ಕನಿಷ್ಠ 12 ಗಂಟೆ ಆಗಿರಬೇಕು. ಸಾದಾ ಹೆಪಾರಿನ್ 5,000 ಯೂನಿಟ್ ಆದರೆ 4ರಿಂದ 6 ಗಂಟೆ. ಉದಾಹರಣೆಗೆ ಬೆಳಿಗ್ಗೆ 9ಕ್ಕೆ ಓಟಿ, ಡೋಸಿನ ಹೊತ್ತು 8 ಮತ್ತು 8. ಹಿಂದಿನ ರಾತ್ರಿ 8ರ ಡೋಸ್ ಕೊಡಿ, ಬೆಳಿಗ್ಗೆ 8ರದ್ದು ಬಿಡಿ, ರಕ್ತಸ್ರಾವವಿಲ್ಲವೆಂದು ಸರ್ಜನ್ ಹೇಳಿದರೆ ರಾತ್ರಿ 9ರ ಬಳಿಕ, ಎಂದರೆ ಬೆನ್ನಿಗೆ ಚುಚ್ಚಿ 12 ಗಂಟೆ ಕಳೆದಮೇಲೆ, ಮತ್ತೆ ಶುರು. ಕಳೆದದ್ದು ಒಂದೇ ಡೋಸ್. ಆದರೆ ನಡೆಯುವುದು ಬೇರೆ. ಹಿಂದಿನ ದಿನ ಬೆಳಿಗ್ಗೆಯಿಂದಲೇ ‘ನಾಳೆ ಓಟಿ ಇದೆ’ ಎಂದು ನಿಲ್ಲಿಸುತ್ತಾರೆ, ಪಟ್ಟಿಯಲ್ಲಿ ಹೆಸರು ಮುಂದಿನ ದಿನಕ್ಕೆ ಹೋಗುತ್ತದೆ, ಮತ್ತೆ ನಿಲ್ಲಿಸುತ್ತಾರೆ. ಮೂರು ದಿನ ಯಾವ ರಕ್ಷಣೆಯೂ ಇಲ್ಲ. ಓಟಿ ಮುಂದಕ್ಕೆ ಹೋಯಿತೆಂದು ಗೊತ್ತಾದ ಕೂಡಲೇ, ಸಂಜೆಗೆ ಕಾಯದೆ, ಬಿಟ್ಟ ಡೋಸ್ ಕೊಡುವ ಬಗ್ಗೆ ಕೇಳಿ.

ಬೆನ್ನಿನಲ್ಲಿ ಎಪಿಡ್ಯೂರಲ್ ನಳಿಗೆ (ಅರಿವಳಿಕೆ ಔಷಧ ಹೋಗುವ ನಳಿಗೆ) ಇರುವಾಗ ದಿನಕ್ಕೆರಡು ಬಾರಿಯ ಎನೋಕ್ಸಪಾರಿನ್ ಬೇಡ. ನಳಿಗೆ ತೆಗೆದು ಕನಿಷ್ಠ 4 ಗಂಟೆ ಆದಮೇಲೆ ಮುಂದಿನ ಡೋಸ್. ಅರಿವಳಿಕೆಯ ಬಳಿಕ ಕಾಲು ಮರಗಟ್ಟುವುದು ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ, ಬೆನ್ನುನೋವು ಹೊಸದಾಗಿ ಬಂದರೆ, ಮೂತ್ರ ಕಟ್ಟಿದರೆ ಬೆನ್ನುಹುರಿಯ ಬಳಿ ರಕ್ತ ಕಟ್ಟಿರಬಹುದು. ಅದು ಗಂಟೆಗಳ ಲೆಕ್ಕದ ತುರ್ತು.

ಮರೆತ ಡೋಸ್ ನೆನಪಾದ ಕೂಡಲೇ ಕೊಡಿ. ಮುಂದಿನದರ ಹೊತ್ತೇ ಹತ್ತಿರವಾಗಿದ್ದರೆ ಅದನ್ನು ಮಾತ್ರ ಕೊಡಿ. ಎರಡನ್ನು ಒಟ್ಟಿಗೆ ಎಂದೂ ಬೇಡ.

ಹಂತ 7: ಕಾಲು ಆಡಿಸುವುದು, ನೀರು, ಮನೆಯವರ ಕೆಲಸ

ಎಚ್ಚರವಿರುವ ಗಾಯಾಳು ಗಂಟೆಗೊಮ್ಮೆ ಪಾದವನ್ನು ಮೇಲಕ್ಕೆ, ಕೆಳಕ್ಕೆ 10ರಿಂದ 20 ಸಲ ಆಡಿಸಲಿ. ಹೆಬ್ಬೆರಳು ಆಡಿಸಿದರೆ ಸಾಲದು, ಮೀನಖಂಡ ಬಿಗಿಯಬೇಕು. ವೈದ್ಯರು ಒಪ್ಪಿದ ದಿನವೇ ಹಾಸಿಗೆಯ ಅಂಚಿನಲ್ಲಿ ಕೂರಿಸಿ, ಮರುದಿನ ವಾಕರ್ ಹಿಡಿಸಿ. ಇದಾದ ಮಾತ್ರಕ್ಕೆ ಔಷಧ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆ ನಡೆದು ಕುರ್ಚಿಯಲ್ಲಿ ಇಡೀ ದಿನ ಕೂತವರೂ ಅಲುಗಾಡದವರ ಲೆಕ್ಕವೇ.

ಮನೆಯವರು ತಿಳಿಯಬೇಕಾದ ಮುಖ್ಯ ಮಾತು: ಊದಿದ ಕಾಲನ್ನು ನೀವಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಪ್ರೀತಿಯಿಂದ ಮಾಡುವ ಕೆಲಸವೇ ಹೆಪ್ಪನ್ನು ಕಳಚಿ ಎದೆಗೆ ಕಳಿಸಬಹುದು. ಮೊಣಕಾಲ ಹಿಂದೆ ದಿಂಬು ಇಟ್ಟು ಕಾಲು ಮಡಿಸಿ ಮಲಗಿಸುವುದೂ ಬೇಡ, ಅಲ್ಲಿ ಅಭಿಧಮನಿ ಒತ್ತಿಹೋಗುತ್ತದೆ. ಕಾಲು ಎತ್ತಿ ಇಡಬೇಕಿದ್ದರೆ ಮೀನಖಂಡದಿಂದ ಹಿಮ್ಮಡಿಯವರೆಗೆ ಪೂರ್ತಿ ಆಸರೆ ಕೊಡಿ.

ನೀರಿನ ವಿಷಯವನ್ನು ಯಾರೂ ಕೇಳುವುದಿಲ್ಲ. ಬೆಡ್‌ಪ್ಯಾನ್ ಕೇಳಲು ಸಂಕೋಚಪಟ್ಟು ಬಹಳ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ರಕ್ತ ಗಟ್ಟಿಯಾಗುತ್ತದೆ, ಮೂತ್ರಪಿಂಡ ಕುಗ್ಗುತ್ತದೆ, ನಾಲ್ಕನೇ ಹಂತದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ‘ಅಮ್ಮಾ, ಎಷ್ಟು ಸಲ ಬೇಕಾದರೂ ಕರೆಯಿರಿ’ ಎಂದು ಹೇಳಿ, ಪರದೆ ಎಳೆದು ಕೊಡಿ. ದ್ರವ ಮಿತಿಗೊಳಿಸಿರುವ ಗಾಯಾಳುವಾದರೆ ಮಾತ್ರ ವೈದ್ಯರು ಹೇಳಿದಷ್ಟೇ.

ಹಂತ 8: ದಿನವೂ ನೋಡಬೇಕಾದ ಗುರುತುಗಳು

ಮೊಣಕಾಲ ಚಿಪ್ಪಿನ ಕೆಳಗೆ ಮುಂಗಾಲ ಮೂಳೆಯ ಉಬ್ಬು ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿಗೆ ಪೆನ್ನಿನ ಗುರುತು ಹಾಕಿ, ದಿನವೂ ಅದೇ ಗೆರೆಯಲ್ಲಿ ಸುತ್ತಳತೆ ತೆಗೆಯಿರಿ. ಎರಡು ಕಾಲಿನ ವ್ಯತ್ಯಾಸ 3 ಸೆಂ.ಮೀ. ಮೀರಿದರೆ ಡಾಪ್ಲರ್ ಕೇಳಿ. ಮುರಿದ ಕಾಲು ಹೇಗೂ ಊದಿರುತ್ತದೆ, ಆದ್ದರಿಂದ ಅಲ್ಲಿ ನಿನ್ನೆಗಿಂತ ಇಂದು ಎಷ್ಟು ಎಂಬುದೇ ಮುಖ್ಯ. ಇಳಿಯುತ್ತಿದ್ದ ಊತ ಮತ್ತೆ ಏರಿದರೆ ಅನುಮಾನಿಸಿ. ಪಾದ ಮೇಲಕ್ಕೆ ಬಗ್ಗಿಸಿ ನೋವು ಬರುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆ ನಂಬಲರ್ಹವಲ್ಲ. ಹೆಪ್ಪಿನ ಸುಳಿವಿಗೆ ಮಾಡುವ ಡಿ-ಡೈಮರ್ ರಕ್ತಪರೀಕ್ಷೆ ಕೂಡ ಬೇಡ, ಪೆಟ್ಟಾದವರಲ್ಲಿ ಅದು ಹೇಗೂ ಏರಿರುತ್ತದೆ.

ಹಠಾತ್ ಏದುಸಿರು, ಉಸಿರೆಳೆದಾಗ ಎದೆನೋವು, ಕಾರಣ ತಿಳಿಯದೆ ನಾಡಿ 100 ದಾಟುವುದು, ಆಮ್ಲಜನಕದ ಮಟ್ಟ ಇಳಿಯುವುದು, ತಲೆಸುತ್ತಿ ಬೀಳುವುದು, ಕಫದಲ್ಲಿ ರಕ್ತ: ಇವುಗಳಲ್ಲಿ ಯಾವುದು ಕಂಡರೂ ಆಮ್ಲಜನಕ ಹಚ್ಚಿ, ತಲೆಯ ಕಡೆ ಎತ್ತರಿಸಿ, ವೈದ್ಯರನ್ನು ಕರೆಯಿರಿ, ಇಸಿಜಿ ತೆಗೆಯಿರಿ. ಸಿಟಿಗೆ ಗಾಯಾಳುವನ್ನು ವಾರ್ಡ್‌ಬಾಯ್ ಜೊತೆ ಮಾತ್ರ ಕಳಿಸಬೇಡಿ. ‘ಗಾಬರಿ ಆಗಿರಬೇಕು’ ಎನ್ನುವ ಸಮಾಧಾನ ಬಹಳ ದುಬಾರಿ ಬಿದ್ದಿದೆ. ಉದ್ದ ಮೂಳೆ ಮುರಿದ ಮೊದಲ ಮೂರು ದಿನದೊಳಗೆ ಉಸಿರಾಟದ ತೊಂದರೆಯ ಜೊತೆ ಗೊಂದಲದ ಮಾತು, ಎದೆ ಮತ್ತು ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆ ಕಂಡರೆ ಕೊಬ್ಬಿನ ಕಣಗಳು ಶ್ವಾಸಕೋಶಕ್ಕೆ ಹೋಗಿರಬಹುದು. ಅದೂ ಅಷ್ಟೇ ತುರ್ತು.

ಔಷಧದ ಕಡೆಯಿಂದ ನೋಡಬೇಕಾದದ್ದು: ಕಪ್ಪು ಮಲ, ಡ್ರೈನ್‌ನಲ್ಲಿ ಹೊಸ ರಕ್ತ, ಹೊಟ್ಟೆ ಉಬ್ಬರ, ಹೊಸ ತಲೆನೋವು ಅಥವಾ ಮಂಪರು, ಹಿಮೋಗ್ಲೋಬಿನ್ 2 ಗ್ರಾಂ ಇಳಿಕೆ. ಇಂಥದ್ದಿದ್ದರೆ ಮುಂದಿನ ಡೋಸ್ ತಡೆಹಿಡಿದು ವೈದ್ಯರನ್ನು ಕರೆಯಿರಿ. ಹೆಪಾರಿನ್‌ಗೆ ಪ್ರತಿಯಾಗಿ ಕೊಡುವ ಪ್ರೊಟಮೀನ್ ಎನೋಕ್ಸಪಾರಿನ್‌ನ ಪರಿಣಾಮವನ್ನು ಭಾಗಶಃ ಮಾತ್ರ ಇಳಿಸುತ್ತದೆ. ಪ್ಲೇಟ್‌ಲೆಟ್ ಅನ್ನು ನಾಲ್ಕನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಎರಡು ಮೂರು ದಿನಕ್ಕೊಮ್ಮೆ ನೋಡಿ. ಮೊದಲಿದ್ದದ್ದಕ್ಕಿಂತ ಅರ್ಧಕ್ಕಿಳಿದರೆ, ಆ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಮೇಲಿದ್ದರೂ ಸರಿಯೇ, ಹೆಪಾರಿನ್ ಕಾರಣವಾಗಿರಬಹುದು. ಹಾಗಿದ್ದಾಗ ರಕ್ತ ತೆಳುವಾಗುವುದಿಲ್ಲ, ಇನ್ನಷ್ಟು ಹೆಪ್ಪುಗಟ್ಟುತ್ತದೆ.

ಹಂತ 9: ಬೇರೆ ಆಸ್ಪತ್ರೆಗೆ, ಮನೆಗೆ

ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸುವಾಗ ರೆಫರಲ್ ಚೀಟಿಯಲ್ಲಿ ಔಷಧದ ಹೆಸರು, ಪ್ರಮಾಣ, ಕೊನೆಯ ಡೋಸಿನ ದಿನ ಮತ್ತು ಗಂಟೆ ಬರೆಯಿರಿ. ಅದಿಲ್ಲದಿದ್ದರೆ ಅಲ್ಲಿ ಡೋಸ್ ಎರಡು ಸಲ ಹೋಗುತ್ತದೆ, ಇಲ್ಲವೇ ಅರಿವಳಿಕೆಯವರು ಗೊತ್ತಿಲ್ಲದೆ ಇಡೀ ದಿನ ಕಾಯುತ್ತಾರೆ.

ಸೊಂಟದ ಮೂಳೆಯ ಆಪರೇಷನ್ ಆದವರಿಗೆ ಔಷಧ 28ರಿಂದ 35 ದಿನ ಬೇಕಾಗುತ್ತದೆ. ಬೆನ್ನುಹುರಿಯ ಗಾಯದವರಿಗೆ 8 ವಾರದಿಂದ 3 ತಿಂಗಳು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಮುಂದುವರಿಸಿ’ ಎಂದಷ್ಟೇ ಬರೆದರೆ ಮನೆಯವರು ಒಂದು ಪಟ್ಟಿ ಮುಗಿಸಿ ನಿಲ್ಲಿಸುತ್ತಾರೆ. ನಿಲ್ಲಿಸುವ ತಾರೀಕು ಬರೆಯಿರಿ. ಸೂಜಿ ಮುಂದುವರಿಯುವುದಾದರೆ ಮನೆಯಲ್ಲಿ ಕೊಡುವವರು ಯಾರು ಎಂದು ಕೇಳಿ, ಕೊನೆಯ ಎರಡು ಡೋಸನ್ನು ನಿಮ್ಮೆದುರೇ ಅವರ ಕೈಯಿಂದ ಕೊಡಿಸಿ. ಔಷಧವನ್ನು ಫ್ರೀಜರ್‌ನಲ್ಲಿ ಇಡಬಾರದು, 25 ಡಿಗ್ರಿಗಿಂತ ತಂಪಾದ, ಬಿಸಿಲು ಬೀಳದ ಜಾಗ ಸಾಕು. ಬಳಸಿದ ಸೂಜಿಗಳಿಗೆ ಮುಚ್ಚಳವಿರುವ ಗಟ್ಟಿ ಡಬ್ಬಿ ಕೊಡಿ, ತುಂಬಿದಾಗ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಲುಪಿಸಲು ಹೇಳಿ.

ಮನೆಯಲ್ಲಿ ಮೀನಖಂಡ ಹೊಸದಾಗಿ ಊದಿದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಉಸಿರು ಕಟ್ಟಿದರೆ, ಎದೆ ಹಿಡಿದುಕೊಂಡರೆ, ಕುಸಿದರೆ 108ಕ್ಕೆ ಕರೆ ಮಾಡಬೇಕು, ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊರಡಬಾರದು. ಇದನ್ನು ಸಮ್ಮರಿಯ ಕೊನೆಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು, ಓದಿ ಹೇಳಿ ಕಳಿಸಿ.